ತೂಗುಜೇಬಿನ ಗ್ರಂಥಾಲಯ: ಕಾರವಾರದ ಉಪ್ಪುಗಾಳಿಗೆ ನಿಲ್ಲುತ್ತದೆಯೇ?

ದಪ್ಪ ಕ್ಯಾನ್ವಾಸಿನ ಒಂದು ಪಟ. ಅದಕ್ಕೆ ಸಾಲುಸಾಲಾಗಿ ಹೊಲಿದ ಪಾರದರ್ಶಕ ಜೇಬುಗಳು. ಒಂದೊಂದು ಜೇಬಿನಿಂದ ಒಂದೊಂದು ಚಿತ್ರಪುಸ್ತಕ ಮುಖ ತೋರಿಸುತ್ತಿರುತ್ತದೆ. ತೂಗಿಹಾಕಿದರೆ ಗ್ರಂಥಾಲಯ, ಸುರುಳಿ ಸುತ್ತಿದರೆ ಚಾಪೆಯಷ್ಟು ಗಾತ್ರ. ಮಕ್ಕಳ ಪುಸ್ತಕದ ಪ್ರಕಾಶಕರು ಪುಸ್ತಕಗಳ ಸಮೇತ ಮಾರುವ ಈ ಕಿಟ್ ಮೂಲದಲ್ಲಿ ಶಾಲೆಯ ತರಗತಿಗೆಂದು ಮಾಡಿದ್ದು. ಅಲ್ಲಿ ಗಟ್ಟಿ ಗೋಡೆ ಇರುತ್ತದೆ, ಬೀಗ ಹಾಕುವ ಬಾಗಿಲು ಇರುತ್ತದೆ, ನೋಡಿಕೊಳ್ಳಲು ಟೀಚರ್ ಇರುತ್ತಾರೆ. ಬೈತಖೋಲದ ಬಂದರಿಗೋ ಕೋಡಿಬಾಗದ ಕಾಳಿ ನದಿಯ ದಂಡೆಗೋ ಒತ್ತಿಕೊಂಡ ಕೇರಿಯಲ್ಲಿ ಈ ಮೂರರಲ್ಲಿ ಒಂದು ಸಿಕ್ಕರೆ ಪುಣ್ಯ. ಅಂಥ ಜಾಗಕ್ಕೆ ಇದು ಹೊಂದುತ್ತದೆಯೇ, ಮಕ್ಕಳು ಬರುತ್ತಾರೆಯೇ, ಬಂದವರು ಮತ್ತೆ ಬರುತ್ತಾರೆಯೇ ಎನ್ನುವುದಷ್ಟೇ ಇಲ್ಲಿಯ ಪ್ರಶ್ನೆ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಈ ಪಟಕ್ಕೆ ಬೀಗ ಹಾಕಲು ಬರುವುದಿಲ್ಲ. ಅದೇ ಇದರ ದೊಡ್ಡ ಗುಣ. ದಾನಿಗಳು ಕೊಡುವ ಸ್ಟೀಲ್ ಕಪಾಟು ನೋಡಲು ಭರ್ಜರಿ, ಆದರೆ ಕಪಾಟಿಗೆ ಕೀಲಿ ಇರುತ್ತದೆ, ಕೀಲಿ ಒಬ್ಬರ ಮನೆಯಲ್ಲಿರುತ್ತದೆ, ಆ ಮನೆಯವರು ಸಂತೆಗೆ ಹೋಗಿರುತ್ತಾರೆ. ಇನ್ನು ಕಪಾಟಿನಲ್ಲಿ ಪುಸ್ತಕ ಬೆನ್ನು ತೋರಿಸಿ ನಿಲ್ಲುತ್ತದೆ. ಹದಿನಾರು ಪುಟದ ಚಿತ್ರಪುಸ್ತಕಕ್ಕೆ ಬೆನ್ನು ಎಂಬುದೇ ಇಲ್ಲ, ಎರಡು ಪಿನ್ ಹೊಡೆದ ಮಡಿಕೆ ಅಷ್ಟೆ. ಅಕ್ಷರ ಕೂಡಿಸಿ ಓದುವ ಮಗುವಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಪುಸ್ತಕ ಇರುವುದು ಬಳಸಲಿಕ್ಕೆ ಎಂದು ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳ ಮೊದಲನೆಯದಾಗಿ ಬರೆದಿದ್ದರು. ತೂಗುಪಟ ಆ ಸೂತ್ರವನ್ನು ಮಗುವಿನ ಕಣ್ಣಳತೆಗೆ ಇಳಿಸುತ್ತದೆ. ಹುಲಿಯ ಮುಖವೋ ಬಸ್ಸಿನ ಚಿತ್ರವೋ ಎದುರಿಗಿದ್ದರೆ ಕೈ ತಾನಾಗಿ ಹೋಗುತ್ತದೆ.

ಆದರೆ ಎಷ್ಟು ಎತ್ತರಕ್ಕೆ? ತೊಡಕು ಇಲ್ಲಿಂದಲೇ ಶುರು. ಐದು ಸಾಲು, ಸಾಲಿಗೆ ಆರು ಜೇಬು ಇರುವ ಪಟ ಅಂದಾಜು ನಾಲ್ಕೂವರೆ ಅಡಿ ಅಗಲ, ನಾಲ್ಕು ಅಡಿಗಿಂತ ತುಸು ಹೆಚ್ಚು ಉದ್ದ. ನೆಲ ಒರೆಸುವ ನೀರು ಸಿಡಿಯದಿರಲೆಂದು ಕೆಳತುದಿಯನ್ನು ಒಂದು ಅಡಿ ಮೇಲಿಟ್ಟರೆ ಮೇಲಿನ ಸಾಲು ಐದು ಅಡಿ ದಾಟುತ್ತದೆ. ಒಂದನೇ ತರಗತಿಯ ಮಗು ಮೂರು ಮುಕ್ಕಾಲು ಅಡಿ ಎತ್ತರ. ಕೈ ಚಾಚಿದರೂ ನಾಲ್ಕೂವರೆಗೆ ಮುಗಿಯಿತು. ಮಗು ಹಾರಿ ಎಳೆಯುತ್ತದೆ, ಜೇಬಿನ ಹೊಲಿಗೆ ಮೂಲೆಯಲ್ಲಿ ಬಿಡುತ್ತದೆ. ಆದ್ದರಿಂದ ಮೇಲಿನ ಸಾಲಿನಲ್ಲಿ ದೊಡ್ಡ ಮಕ್ಕಳ, ಅಕ್ಷರ ಹೆಚ್ಚಿರುವ ಪುಸ್ತಕ ಇಡಿ. ಕೆಳಗಿನ ಎರಡು ಸಾಲು ಪೂರ್ತಿ ಚಿಕ್ಕವರಿಗೆ ಬಿಡಿ. ಜೇಬಿನ ಮೇಲುತುದಿಯ ಎರಡೂ ಮೂಲೆಗೆ ಮೊದಲೇ ದರ್ಜಿಯ ಬಳಿ ಅಡ್ಡಹೊಲಿಗೆ ಹಾಕಿಸಿಕೊಂಡರೆ ಪಟ ಎಷ್ಟೋ ಹೆಚ್ಚು ಬಾಳುತ್ತದೆ.

ಜೇಬಿಗೆ ಮೂರು ತೆಳು ಪುಸ್ತಕ ಹಿಡಿಯುತ್ತವೆ. ಮಾರುವವರು ಇದನ್ನೇ ಹಿಡಿದು ‘ತೊಂಬತ್ತು ಪುಸ್ತಕದ ಗ್ರಂಥಾಲಯ’ ಎನ್ನುತ್ತಾರೆ. ತೊಂಬತ್ತು ಬೇರೆ ಬೇರೆ ಪುಸ್ತಕ ತುಂಬಿದರೆ ಅರವತ್ತು ಕಣ್ಣಿಗೇ ಬೀಳುವುದಿಲ್ಲ. ಅದರ ಬದಲು ಮೂವತ್ತು ಶೀರ್ಷಿಕೆ, ಒಂದೊಂದಕ್ಕೆ ಮೂರು ಪ್ರತಿ ಇಡುವುದು ಮೇಲು. ಕೇರಿಯ ಮಕ್ಕಳು ಒಬ್ಬೊಬ್ಬರಾಗಿ ಓದುವುದು ಕಡಿಮೆ, ಜೋಡಿಯಾಗಿ ಓದುತ್ತಾರೆ. ಒಬ್ಬಳು ಬಾಯಿಬಿಟ್ಟು ಓದಿದರೆ ಇನ್ನೊಬ್ಬಳು ಬೆರಳಿಟ್ಟು ಹಿಂಬಾಲಿಸುತ್ತಾಳೆ. ಅದಕ್ಕೆ ಒಂದೇ ಪುಸ್ತಕದ ಎರಡು ಪ್ರತಿ ಬೇಕೇ ಬೇಕು.

ಇನ್ನು ತೂಕ. ತೆಳು ಚಿತ್ರಪುಸ್ತಕ 70ರಿಂದ 120 ಗ್ರಾಂ ಬರುತ್ತದೆ. ತೊಂಬತ್ತು ಸೇರಿದರೆ ಎಂಟೊಂಬತ್ತು ಕಿಲೊ. ಕಿಟ್ಟಿನ ಜೊತೆ ಬರುವ ಎರಡು ಮೊಳೆ ನಮ್ಮ ಚಿರೇಕಲ್ಲಿನ ಗೋಡೆಗೆ ಯಾವ ಉಪಯೋಗಕ್ಕೂ ಇಲ್ಲ. ಮೊಳೆ ಹೊಡೆದಷ್ಟೂ ಕಲ್ಲು ಪುಡಿ ಉದುರಿ ತೂತು ದೊಡ್ಡದಾಗುತ್ತದೆ. ಡ್ರಿಲ್ ಹಾಕಿ, ಪ್ಲಾಸ್ಟಿಕ್ ಪ್ಲಗ್ ತುರುಕಿ, ಎರಡೂವರೆ ಇಂಚಿನ ಸ್ಕ್ರೂ ಬಿಗಿಯಬೇಕು. ಅದಕ್ಕಿಂತ ಸುಲಭದ ದಾರಿ ಮಾಡಿನ ಪಕಾಸಿಗೆ ಹಗ್ಗ ಕಟ್ಟಿ, ಅಡ್ಡಕ್ಕೆ ಬಿದಿರಿನ ಗಳವೋ ಮುಕ್ಕಾಲು ಇಂಚಿನ ಪಿವಿಸಿ ಪೈಪೋ ತೂಗಿಸಿ, ಪಟವನ್ನು ಅದಕ್ಕೆ ಏರಿಸುವುದು. ಹೀಗೆ ಮಾಡಿದರೆ ಪಟ ಗೋಡೆಯಿಂದ ಮೂರು ನಾಲ್ಕು ಇಂಚು ದೂರ ನಿಲ್ಲುತ್ತದೆ, ಮಳೆಗಾಲದಲ್ಲಿ ಗೋಡೆ ಹೀರಿದ ನೀರು ಪುಸ್ತಕಕ್ಕೆ ತಗಲುವುದಿಲ್ಲ. ಸಂಜೆ ಪೈಪಿನ ಸಮೇತ ಸುತ್ತಿ ಒಳಗಿಡಲೂ ಬರುತ್ತದೆ.

ಕರಾವಳಿಯಲ್ಲಿ ಈ ಕಿಟ್ ಸೋಲುವುದು ಪ್ಲಾಸ್ಟಿಕ್ಕಿನಲ್ಲಿ ಮತ್ತು ಕಬ್ಬಿಣದಲ್ಲಿ. ಪಾರದರ್ಶಕ ಪಿವಿಸಿ ಜೇಬು ಗಾಳಿಯಾಡಲು ಬಿಡುವುದಿಲ್ಲ. ಜೂನ್ ಎರಡನೇ ವಾರದ ಹೊತ್ತಿಗೆ ಒಳಗೆ ಬೆವರಿದಂತೆ ಹನಿ ಕಟ್ಟುತ್ತದೆ, ಲ್ಯಾಮಿನೇಟ್ ಮಾಡಿದ ಮುಖಪುಟ ಜೇಬಿಗೆ ಅಂಟಿ, ಎಳೆದಾಗ ಬಣ್ಣದ ಸಮೇತ ಕಿತ್ತುಬರುತ್ತದೆ. ಪಟದ ಐಲೆಟ್ ಉಂಗುರ ಕಬ್ಬಿಣದ್ದಾದರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಬಟ್ಟೆಯನ್ನೇ ತಿನ್ನುತ್ತದೆ. ಕೊಳ್ಳುವಾಗ ಹಿತ್ತಾಳೆಯದೇ ಎಂದು ಕೇಳಿ ನೋಡಿ. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ.

ಜೇಬಿಗೆ ಪರ್ಯಾಯ ನಮ್ಮ ಊರಲ್ಲೇ ಇದೆ: ಬಲೆ. ಹಳೆಯ ನೈಲಾನ್ ಬಲೆಯ ತುಂಡಿನಿಂದ ಜೇಬು ಮಾಡಿದರೆ ಮುಖಪುಟವೂ ಕಾಣುತ್ತದೆ, ಗಾಳಿಯೂ ಆಡುತ್ತದೆ, ಬೂಸ್ಟೂ ಬೇಗ ಹಿಡಿಯುವುದಿಲ್ಲ. ಕಣ್ಣು ಅರ್ಧ ಇಂಚಿಗಿಂತ ಸಣ್ಣದಿರಲಿ, ಸುಂಗಟದ (ಸಿಗಡಿಯ) ಬಲೆಯಂಥದ್ದು. ದೊಡ್ಡ ಕಣ್ಣಾದರೆ ಪುಸ್ತಕದ ಮೂಲೆ ಸಿಕ್ಕಿಕೊಂಡು ಮಡಚಿಹೋಗುತ್ತದೆ. ಹೊಲಿಯುವ ಮೊದಲು ಸಿಹಿನೀರಿನಲ್ಲಿ ಎರಡು ಮೂರು ಸಲ ನೆನೆಹಾಕಿ ತೊಳೆಯಬೇಕು. ವಾಸನೆಗಾಗಿ ಮಾತ್ರವಲ್ಲ, ಬಲೆಯಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಲೆ ಹೆಣೆಯುವ ಕೈಗಳು ಆಗ ಊರಲ್ಲೇ ಇರುತ್ತವೆ. ಅಪ್ಪನೋ ಮಾಮನೋ ಹೆಣೆದ ಜೇಬಿನಲ್ಲಿ ಪುಸ್ತಕ ಇದ್ದರೆ ಆ ಮನೆಯ ಮಗುವನ್ನು ಬೇರೆ ಕರೆಯಬೇಕಾಗಿಲ್ಲ.

ಪುಸ್ತಕದ ಪಿನ್ನೂ ಕಬ್ಬಿಣವೇ. ತುಕ್ಕು ಮಧ್ಯದ ಹಾಳೆಗೆ ಕಂದು ಕಲೆಯಾಗಿ ಇಳಿದು, ಕೊನೆಗೆ ಹಾಳೆ ಅಲ್ಲೇ ತುಂಡಾಗುತ್ತದೆ. ಹೊಸ ಪುಸ್ತಕ ಬಂದ ದಿನವೇ ಮೊಂಡ ಚಾಕುವಿನಿಂದ ಪಿನ್ನಿನ ಕಾಲು ಎಬ್ಬಿಸಿ ತೆಗೆದು, ಅದೇ ಮಡಿಕೆಯಲ್ಲಿ ಮೂರು ತೂತು ಮಾಡಿ, ಮೇಣ ಸವರಿದ ಹತ್ತಿ ದಾರದಿಂದ ಹೊಲಿಯಿರಿ. ನಡುವಿನ ತೂತಿನಿಂದ ಶುರುಮಾಡಿ ಅಲ್ಲಿಯೇ ಗಂಟು ಹಾಕಿದರೆ ಸಾಕು, ಒಂದು ಪುಸ್ತಕಕ್ಕೆ ಐದು ನಿಮಿಷ. ಬಲೆಯ ನೈಲಾನ್ ದಾರ ಇದಕ್ಕೆ ಬೇಡ, ಕಾಗದವನ್ನು ಕೊಯ್ಯುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪ್ ಕೂಡ ಬೇಡ. ಅದು ಹಳದಿಯಾಗಿ ಜಾರಿ ಪಕ್ಕದ ಹಾಳೆಗೆ ಅಂಟುತ್ತದೆ. ನೀರು ಬೆರೆಸಿದ ಬಿಳಿ ಫೆವಿಕಾಲ್ ಮತ್ತು ತೆಳು ಟಿಶ್ಯೂ ಕಾಗದದ ಪಟ್ಟಿ ಸಾಕು. ಮೈದಾ ಅಂಟು ಹಚ್ಚಿದರೆ ಜಿರಲೆಗೆ ಊಟ ಬಡಿಸಿದಂತೆ.

ಮಳೆಗಾಲ ಬಂತೆಂದು ಪಟ ಸುತ್ತಿ ಆಗಸ್ಟಿನವರೆಗೆ ಮೇಲಿಡುವವರಿದ್ದಾರೆ. ಅದು ತಪ್ಪು. ಕೇರಿಯ ಮಕ್ಕಳಿಗೆ ಆಡಲು ದಂಡೆಯೂ ಇಲ್ಲ ಅಂಗಳವೂ ಇಲ್ಲ ಎನ್ನುವ ತಿಂಗಳುಗಳು ಅವೇ. ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಕೂತಿರುವಾಗ ಪುಸ್ತಕಕ್ಕೆ ಬರುವಷ್ಟು ಗಿರಾಕಿಗಳು ಜನವರಿಯಲ್ಲಿ ಬರುವುದಿಲ್ಲ. ಮಾಡಬೇಕಾದ್ದು ಇಷ್ಟು: ಮೇ ಕೊನೆಯಲ್ಲಿ ಪುಸ್ತಕಗಳನ್ನು ನೆರಳಿನಲ್ಲಿ ಗಾಳಿಗೆ ಹರಡಿ ಒಣಗಿಸಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಅಥವಾ ಬಟ್ಟೆಯಲ್ಲಿ ಕಟ್ಟಿದ ಒಣ ಇದ್ದಿಲು ಇಡಿ. ಹೊರಗೆ ಮೂವತ್ತು ಮಾತ್ರ ತೂಗಲಿ. ಹತ್ತು ದಿನಕ್ಕೊಮ್ಮೆ ಆ ಮೂವತ್ತನ್ನು ಒರೆಸಿ ಡ್ರಮ್ಮಿಗೆ ಹಾಕಿ, ಬೇರೆ ಮೂವತ್ತನ್ನು ತೆಗೆಯಿರಿ. ಹೀಗೆ ಬದಲಾಯಿಸಿದರೆ ‘ಇವತ್ತು ಹೊಸತು ಬಂತಾ?’ ಎಂದು ಮಕ್ಕಳು ಬಂದು ಕೇಳುತ್ತಾರೆ. ಅದೇ ಪುಸ್ತಕ ಅದೇ ಜೇಬಿನಲ್ಲಿ ಮೂರು ತಿಂಗಳು ಕೂತರೆ ಅದು ಗೋಡೆಯ ಕ್ಯಾಲೆಂಡರಿಗೆ ಸಮ. ಬೇಸಿಗೆಯಲ್ಲೂ ಈ ಬದಲಾವಣೆ ಬಿಡಬಾರದು. ಬೂಸ್ಟು ಬಂದರೆ ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್ಷಿನಿಂದ ಉದುರಿಸಿ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಕಲೆ ಕಾಗದದ ಒಳಕ್ಕೆ ಇಳಿಯುತ್ತದೆ. ಸಣ್ಣ ಮಕ್ಕಳು ಬಾಯಿಗೆ ಹಾಕುವ ಜಾಗದಲ್ಲಿ ಡಾಂಬರು ಗುಳಿಗೆ ಇಡಲೇಬೇಡಿ.

ಕಿಟ್ಟಿನ ಪುಸ್ತಕಪಟ್ಟಿಯಲ್ಲಿ ಎರಡು ಕೊರತೆ. ಒಂದು, ಭಾಷೆ. ಕಾರವಾರದ ಬಹಳಷ್ಟು ಮಕ್ಕಳು ಮನೆಯಲ್ಲಿ ಕೊಂಕಣಿ ಆಡಿ, ಶಾಲೆಯಲ್ಲಿ ಕನ್ನಡ ಓದುತ್ತಾರೆ. ಕೆಲವು ಮನೆಗಳಲ್ಲಿ ಉರ್ದು. ಕಟ್ಟಡದ ಕೆಲಸಕ್ಕೆ ಘಟ್ಟದ ಮೇಲಿಂದ ಬಂದವರ ಮಕ್ಕಳದ್ದು ಬೇರೆಯೇ ಕನ್ನಡ. ಗೋವಾದ ಕೊಂಕಣಿ ಪುಸ್ತಕ ತರಿಸಿದರೆ ಅದು ದೇವನಾಗರಿಯಲ್ಲಿರುತ್ತದೆ, ಚಿಕ್ಕ ತರಗತಿಯವರಿಗೆ ಆ ಲಿಪಿ ಬಾರದು. ಹಾಗಾಗಿ ಅರ್ಧದಷ್ಟು ಪುಸ್ತಕ ಮಾತೇ ಇಲ್ಲದ, ಬರೀ ಚಿತ್ರದ ಪುಸ್ತಕಗಳಾಗಿರಲಿ, ಅಥವಾ ಪುಟಕ್ಕೊಂದು ಸಾಲಿನವು. ಚಿತ್ರ ನೋಡಿ ಕುರ್ಲಿಯನ್ನು ಕುರ್ಲಿ ಎಂದೇ ಹೇಳಲಿ, ಕೆಳಗಿನ ಸಾಲಿನಲ್ಲಿ ‘ಏಡಿ’ ಎಂದು ಓದಲಿ. ಹೇಳಿದ್ದನ್ನು ತಿದ್ದಿದರೆ ಮಗು ಬಾಯಿ ಮುಚ್ಚುತ್ತದೆ, ಮರುದಿನ ಬರುವುದಿಲ್ಲ.

ಎರಡನೆಯದು, ದೊಡ್ಡ ಮಕ್ಕಳನ್ನು ಮರೆತಿರುವುದು. ಹನ್ನೆರಡು ವರ್ಷದ ಹುಡುಗನಿಗೆ ಎರಡನೇ ತರಗತಿಯ ಓದು ಬರುತ್ತಿರಬಹುದು. ಅವನಿಗೆ ಮೊಲದ ಕಥೆ ಕೊಟ್ಟರೆ ಅವಮಾನ. ಓದಿನ ಮಟ್ಟಕ್ಕೆ ಬಣ್ಣದ ಗುರುತು ಹಚ್ಚುವ ಕ್ರಮ ಒಳ್ಳೆಯದೇ. ಮಕ್ಕಳ ಗ್ರಂಥಾಲಯದ ಕೆಲಸ ಮಾಡುವ ಬೆಂಗಳೂರಿನ ಹಿಪೊಕ್ಯಾಂಪಸ್ ಸಂಸ್ಥೆ ಹಸಿರಿನಿಂದ ಹಳದಿಯವರೆಗೆ ಆರು ಬಣ್ಣ ಇಟ್ಟಿದೆ, ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ನಾಲ್ಕು ಹಂತ ನಮೂದಿಸುತ್ತದೆ. ಆದರೆ ಬಣ್ಣದ ಚುಕ್ಕಿ ಹಿಂಬದಿಯ ರಕ್ಷಾಪುಟದಲ್ಲಿರಲಿ. ಮುಂದೆ ಹಚ್ಚಿದರೆ, ಇಲ್ಲವೇ ಸಾಲುಗಳನ್ನೇ ಬಣ್ಣದಂತೆ ಜೋಡಿಸಿದರೆ, ಯಾರು ‘ಹಸಿರು’ ಎಂದು ಇಡೀ ಕೇರಿಗೆ ಗೊತ್ತಾಗುತ್ತದೆ. ದೋಣಿ ಎಂಜಿನ್, ಹಾವು, ಕ್ರಿಕೆಟ್, ಗಗನನೌಕೆ ಇಂಥ ವಿಷಯದ, ಕಡಿಮೆ ಅಕ್ಷರದ ಪುಸ್ತಕ ಹುಡುಕಿ ಸೇರಿಸಿ. ಸಿಗದಿದ್ದರೆ 2015ರಲ್ಲಿ ಶುರುವಾದ ಪ್ರಥಮ್ ಬುಕ್ಸಿನ ಸ್ಟೋರಿವೀವರ್ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಅಲ್ಲಿಯ ಕಥೆಗಳಿಗೆ ಮುಕ್ತ ಪರವಾನಗಿ ಇದೆ, ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಮುದ್ರಿಸಲು ಅಡ್ಡಿಯಿಲ್ಲ. ಎ4 ಹಾಳೆಯನ್ನು ಮಡಚಿದರೆ ನಾಲ್ಕು ಹಾಳೆಗೆ ಹದಿನಾರು ಪುಟದ ಪುಸ್ತಕ. ಲೇಸರ್ ಪ್ರಿಂಟೇ ಮಾಡಿಸಿ. ಸಾಮಾನ್ಯ ಇಂಕ್‌ಜೆಟ್ ಶಾಯಿ ಆಷಾಢದಲ್ಲಿ ಬೆರಳಿಗೆ ಬರುತ್ತದೆ.

ಇಷ್ಟೆಲ್ಲ ಸರಿಯಾದರೂ ಕಿಟ್ಟಿನ ಪೆಟ್ಟಿಗೆಯಲ್ಲಿ ಇಲ್ಲದ ಒಂದು ಭಾಗ ಇದೆ: ಓದಿ ಹೇಳುವ ಮನುಷ್ಯರು. ‘ತೂಗಿಹಾಕಿ, ಮಕ್ಕಳು ತಾವೇ ಓದುತ್ತಾರೆ’ ಎಂಬ ಮಾರಾಟದ ಮಾತನ್ನು ನಂಬಬೇಡಿ. ಮೊದಲ ವಾರ ಕುತೂಹಲ, ಎರಡನೇ ವಾರ ಚಿತ್ರ ತಿರುವುವುದು, ಮೂರನೇ ವಾರ ಪಟದ ಹಿಂದೆ ಕಣ್ಣಾಮುಚ್ಚಾಲೆ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಯಾರಾದರೂ ಗಟ್ಟಿಯಾಗಿ ಓದಿ ಹೇಳಿದರೆ ಚಿತ್ರ ಬದಲಾಗುತ್ತದೆ. ಇವತ್ತು ಓದಿ ಹೇಳಿದ ಪುಸ್ತಕಕ್ಕೇ ನಾಳೆ ಜಗಳ. ಓದುವವರು ಪುಸ್ತಕವನ್ನು ಮೊದಲೇ ಒಮ್ಮೆ ಓದಿಕೊಂಡಿರಬೇಕು. ಪುಟವನ್ನು ಮಕ್ಕಳ ಕಡೆ ಹಿಡಿದು, ಪಕ್ಕದಿಂದ ಓದಬೇಕು. ಅರ್ಧವೃತ್ತದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಕೂತರೆ ಹಿಂದಿನವರಿಗೆ ಚಿತ್ರ ಕಾಣುವುದಿಲ್ಲ, ಕಾಣದವರು ಒಬ್ಬರನ್ನೊಬ್ಬರು ಚಿವುಟುತ್ತಾರೆ. ಮುಗಿದ ಮೇಲೆ ‘ಈ ಕಥೆಯ ನೀತಿ ಏನು?’ ಎಂದು ಕೇಳಬೇಡಿ. ಅಲ್ಲಿಗೆ ಗ್ರಂಥಾಲಯ ಹೋಗಿ ಶಾಲೆ ಬಂತು. ಆ ಪುಸ್ತಕದ ಮೂರು ಪ್ರತಿಯನ್ನೂ ಕೆಳಸಾಲಿಗೆ ತಂದು ಸುಮ್ಮನಿರಿ.

ಈ ಕೆಲಸಕ್ಕೆ ಅದೇ ಕೇರಿಯ ಒಂಬತ್ತು ಹತ್ತನೇ ತರಗತಿಯ ಹುಡುಗಿಯರು ಹೊರಗಿನ ಸ್ವಯಂಸೇವಕರಿಗಿಂತ ಚೆನ್ನಾಗಿ ಒಗ್ಗುತ್ತಾರೆ. ಮನೆಮನೆಯ ಗುಟ್ಟು ಅವರಿಗೆ ಗೊತ್ತು, ಕೊಂಕಣಿ ಬರುತ್ತದೆ, ಮಕ್ಕಳು ಅಕ್ಕಾ ಎಂದು ಕೈ ಹಿಡಿಯುತ್ತಾರೆ. ಪರೀಕ್ಷೆಯ ತಿಂಗಳು ಬಿಡುವು ಕೊಟ್ಟು ಇನ್ನೊಬ್ಬಳನ್ನು ಸಿದ್ಧಮಾಡಿಟ್ಟಿರಬೇಕು, ಅಷ್ಟೆ. ವಾರಕ್ಕೆ ಆರು ದಿನ ತೆರೆಯುತ್ತೇವೆಂದು ಹೇಳಿ ಎರಡು ದಿನ ತಪ್ಪಿಸುವುದಕ್ಕಿಂತ ಮೂರೇ ದಿನ, ಐದರಿಂದ ಆರೂವರೆ ಎಂದು ಗಟ್ಟಿ ಇಟ್ಟುಕೊಳ್ಳಿ. ಮುಚ್ಚಿದ ಬಾಗಿಲು ನೋಡಿ ಎರಡು ಸಲ ಹಿಂದಿರುಗಿದ ಮಗು ಮೂರನೇ ಸಲ ಬರುವುದಿಲ್ಲ. ಹೊತ್ತು ನಿಗದಿ ಮಾಡುವ ಮುನ್ನ ನಳದ ನೀರು ಯಾವಾಗ ಬಿಡುತ್ತಾರೆ ಎಂದು ಕೇಳಿ. ನೀರು ಹಿಡಿಯುವುದು ಹೆಣ್ಣುಮಕ್ಕಳ ಪಾಲಿಗೆ, ಆ ಹೊತ್ತಿಗೆ ತೆರೆದರೆ ಗಂಡುಮಕ್ಕಳು ಮಾತ್ರ ಸಿಗುತ್ತಾರೆ. ಹಾಗೆಯೇ ತಾಯಿ ಮೀನು ಮಾರಿ ಬರುವವರೆಗೆ ತಮ್ಮನೋ ತಂಗಿಯೋ ಅಕ್ಕನ ಸೊಂಟದ ಮೇಲೆ. ‘ಆರು ವರ್ಷದ ಕೆಳಗಿನವರಿಗೆ ಪ್ರವೇಶವಿಲ್ಲ’ ಎಂದು ಬೋರ್ಡು ಹಾಕಿದರೆ ಆ ಅಕ್ಕನಿಗೂ ಪ್ರವೇಶ ತಪ್ಪಿತು. ಮೂಲೆಯಲ್ಲಿ ಒಂದು ಚಾಪೆ, ಹರಿಯದಂಥ ನಾಲ್ಕಾರು ರಟ್ಟಿನ ಪುಸ್ತಕ, ಎರಡು ಬಟ್ಟೆಯ ಚೆಂಡು ಇಟ್ಟರೆ ಮುಗಿಯಿತು.

ಜಾಗದ ಬಗ್ಗೆ ಒಂದು ಮಾತು. ಗುಡಿಯ ಜಗಲಿ ವಿಶಾಲ, ಬಾಡಿಗೆಯೂ ಇಲ್ಲ. ಆದರೆ ಅಲ್ಲಿಗೆ ಕೆಲವು ಮನೆಯ ಮಕ್ಕಳು ಕಾಲಿಡುವುದಿಲ್ಲ, ಯಾರೂ ಬೇಡ ಎನ್ನದಿದ್ದರೂ. ಬಲೆ ಇಡುವ ಶೆಡ್ಡು, ಅಂಗನವಾಡಿ, ಯಾರದೋ ಮನೆಯ ಅಗಲ ಜಗಲಿ ಇವೇ ಮೇಲು.

ಮಕ್ಕಳನ್ನು ದೂರ ಇಡುವ ಇನ್ನೊಂದು ಸಂಗತಿ ಹೆದರಿಕೆ. ಎರಡು ರೂಪಾಯಿ ದಂಡ ಬಾಕಿ ಇರುವ ಮಗು ಆ ಓಣಿಯಲ್ಲೇ ನಡೆಯುವುದಿಲ್ಲ, ಅದರ ತಂಗಿಯೂ ಬರುವುದಿಲ್ಲ. ಮಾಡು ಸೋರುವ ಮನೆಯಲ್ಲಿ ಪುಸ್ತಕ ಒದ್ದೆಯಾಗುವುದು ಮಗುವಿನ ತಪ್ಪಲ್ಲ. ದಂಡ ಬೇಡ, ಠೇವಣಿ ಬೇಡ, ಕಳೆಯಿತೆಂದರೆ ಕಳೆಯಿತು ಎಂದು ಬರೆದುಕೊಂಡು ಮುಂದಿನ ಪುಸ್ತಕ ಕೊಡಿ. ಮನೆಗೆ ಒಯ್ಯಲು ಮಗುವಿಗೊಂದು ಬಟನ್ ಫೋಲ್ಡರ್ ಕೊಟ್ಟರೆ ಹಾನಿ ಎಷ್ಟೋ ತಗ್ಗುತ್ತದೆ. ಕಾಗದಪತ್ರ ಇಡಲು ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಲಕೋಟೆಯಂಥದ್ದು. ಅದರ ಮೇಲೆ ಮಗುವಿನ ಹೆಸರು ದೊಡ್ಡದಾಗಿ ಬರೆಯಿರಿ. ತನ್ನ ಹೆಸರಿನ ವಸ್ತು ಕಡಿಮೆ ಇರುವ ಮನೆಯಲ್ಲಿ ಆ ಫೋಲ್ಡರಿಗೆ ಸಿಗುವ ಮರ್ಯಾದೆಯೇ ಬೇರೆ.

ರಿಜಿಸ್ಟರು ದಿನಕ್ಕೊಂದು ಪುಟದಂತೆ ಬೇಡ, ಮಗುವಿಗೊಂದು ಪುಟದಂತೆ ಇಡಿ. ಇನ್ನೂರು ಪುಟದ ನೋಟ್‌ಬುಕ್ ಸಾಕು: ತಾರೀಕು, ಪುಸ್ತಕದ ನಂಬರು, ವಾಪಸ್. ಯಾರು ಮೂರು ವಾರದಿಂದ ಬಂದಿಲ್ಲ ಎಂಬುದು ಪುಟ ತಿರುವಿದ ಕೂಡಲೇ ಕಾಣುತ್ತದೆ. ಆ ಮನೆಗೆ ಹೋಗಿ ವಿಚಾರಿಸಿ, ಪುಸ್ತಕ ಕೇಳಲಿಕ್ಕಲ್ಲ.

ಬಹುಮಾನ, ಬಿಸ್ಕತ್ತು ಇಟ್ಟು ಕರೆಯುವವರಿದ್ದಾರೆ. ಬಿಸ್ಕತ್ತು ಮುಗಿದ ದಿನ ಮಕ್ಕಳೂ ಮುಗಿದರು. ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಎಂದರೆ ಪುಟ ತೆರೆಯದೆ ದಿನಕ್ಕೆ ಮೂರು ಪುಸ್ತಕ ವಾಪಸಾಗುತ್ತದೆ. ಕೇರಂ ಬೋರ್ಡು ನಾಲ್ವರು ದೊಡ್ಡ ಹುಡುಗರಿಗೆ ಇಡೀ ಕೋಣೆ ಬರೆದುಕೊಟ್ಟಂತೆ. ಬಣ್ಣದ ಪೆನ್ಸಿಲ್ ಮತ್ತು ಒಂದು ಬದಿ ಖಾಲಿ ಇರುವ ಹಳೆ ಹಾಳೆ ಮಾತ್ರ ಕೆಲಸಕ್ಕೆ ಬರುತ್ತವೆ. ಹೋಂವರ್ಕ್ ಮಾಡಲು ಬಂದವರನ್ನು ಓಡಿಸಬೇಡಿ. ಲೈಟಿನ ಕೆಳಗೆ ಕೂರಲು ಜಾಗ ಸಿಕ್ಕಿತೆಂದೇ ಬಂದಿರುತ್ತಾರೆ, ಲೆಕ್ಕ ಮುಗಿದ ಮೇಲೆ ಕಣ್ಣು ಜೇಬಿನ ಕಡೆ ಹೋಗುತ್ತದೆ.

ಸರ್ಕಾರಿ ಗ್ರಂಥಾಲಯ ಇರುವಾಗ ಇದು ಬೇಕೇ ಎನ್ನಬಹುದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇ. 6 ಗ್ರಂಥಾಲಯ ಕರ ವಸೂಲಾಗುತ್ತದೆ, ಅದರಿಂದ ನಡೆಯುವ ಸಂಗ್ರಹ ಇಂಥ ಪಟಕ್ಕೆ ಹೋಲಿಸಲಾಗದಷ್ಟು ದೊಡ್ಡದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಆರರಿಂದ ಹದಿನೆಂಟರ ಮಕ್ಕಳಿಗೆ ಸದಸ್ಯತ್ವವೇ ಉಚಿತ. ಆದರೆ ಅದು ಪಂಚಾಯಿತಿಗಳ ಕಾರ್ಯಕ್ರಮ. ನಗರದ ವಾರ್ಡಿನ ಏಳು ವರ್ಷದ ಮಗು ಹೆದ್ದಾರಿ ದಾಟಿ ಒಂಟಿಯಾಗಿ ಹೋಗುವುದಿಲ್ಲ. ತೂಗುಪಟದ ಜಾಗ ಆ ದೂರದ ನಡುವೆ. ತಿಂಗಳಿಗೊಮ್ಮೆ ಹತ್ತು ಮಕ್ಕಳನ್ನು ಕೂಡಿಸಿಕೊಂಡು ದೊಡ್ಡ ಗ್ರಂಥಾಲಯಕ್ಕೆ ಹೋಗಿ ಬನ್ನಿ. ಸೋಮವಾರ ರಜೆ ಎಂಬುದು ನೆನಪಿರಲಿ.

ಘಟ್ಟದ ಮೇಲೆ ಶಿರಸಿಯಲ್ಲಿ ಈ ಪಟ ತೂಗಿಹಾಕುವವರಿಗೆ ಉಪ್ಪಿನ ಕಾಟ ಇಲ್ಲ, ಐಲೆಟ್ಟು ಪಿನ್ನು ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ. ಬೂಸ್ಟು ಮತ್ತು ಒರಲೆ ಮಾತ್ರ ಇಲ್ಲಿಗಿಂತ ಒಂದು ಕೈ ಮೇಲೆ. ಡ್ರಮ್ಮಿನ ಏರ್ಪಾಡು ಅಲ್ಲಿಗೂ ಅದೇ. ಪಟ ಗೋಡೆಗೆ ತಾಗದಿರುವುದು ಇನ್ನೂ ಮುಖ್ಯ.

ಅಂಕ ಕೊಡಲೇಬೇಕೆಂದರೆ ಕಲ್ಪನೆಗೆ ಐದಕ್ಕೆ ನಾಲ್ಕು, ಬಟ್ಟೆಗೆ ಮೂರು, ಪ್ಲಾಸ್ಟಿಕ್ ಜೇಬಿಗೆ ಒಂದು. ಕೊಳ್ಳುವವರು ಪುಸ್ತಕಪಟ್ಟಿಯನ್ನು ಮೊದಲು ತರಿಸಿಕೊಂಡು, ಶೀರ್ಷಿಕೆ ಕಡಿಮೆ ಮಾಡಿ ಪ್ರತಿ ಹೆಚ್ಚಿಸಲು ಕೇಳಿ. ಬದಲಾಯಿಸಿ ಕೊಡುವುದಿಲ್ಲ ಎಂದರೆ ಬರೀ ಪಟ ಕೊಡಿ ಎನ್ನಿ. ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯಂಥ ಅಗ್ಗದ ಕಡೆಯಿಂದ ಆರಿಸಿ ತರಬಹುದು. ಪಟವನ್ನೂ ಬಿಡಿಯಾಗಿ ಕೊಡದಿದ್ದರೆ ಎರಡೂವರೆ ಮೀಟರ್ ಕ್ಯಾನ್ವಾಸ್ ತೆಗೆದುಕೊಂಡು ದರ್ಜಿಯ ಹತ್ತಿರ ಹೋಗಿ, ಅಲ್ಲಿಂದ ಬಂದರಿಗೆ.